ಶಾಲಾ ಮಂಡಲಿಯಲ್ಲಿ ವಿದ್ಯಾರ್ಥಿಯ ಸ್ಥಾನ

ದೊಡ್ಡವರು ಮಾತನಾಡುವಾಗ ಚಿಕ್ಕವರು ನಡುವೆ ಬಾಯಿ ಹಾಕಬಾರದು ಎಂಬುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪಾಠ. ಪಾಠ ಕೆಟ್ಟದ್ದೇನೂ ಅಲ್ಲ. ಮಾತು ಕಲಿಯುವ ಮೊದಲು ಕೇಳುವುದನ್ನು ಕಲಿಯಬೇಕು. ಕೇಳಿ ಅರಿಯದವನ ಮಾತಿಗೆ ತೂಕವಿರುವುದಿಲ್ಲ. ಆದರೆ ದೊಡ್ಡವರು ಆಡುತ್ತಿರುವ ಮಾತು ಚಿಕ್ಕವರ ವಿಷಯವೇ ಆಗಿದ್ದರೆ? ಬೆಳಿಗ್ಗೆ ಅವರು ಎಷ್ಟು ಗಂಟೆಗೆ ಏಳಬೇಕು, ಯಾವ ಬಸ್ಸಿಗೆ ಕಾಯಬೇಕು, ಎಷ್ಟು ನಿಮಿಷದಲ್ಲಿ ಊಟ ಮುಗಿಸಬೇಕು, ಯಾವ ಶಾಲೆಗೆ ಹೋಗಬೇಕು, ಆ ಶಾಲೆಯನ್ನು ನಡೆಸಬೇಕೋ ಮುಚ್ಚಬೇಕೋ ಎಂಬುದೇ ಚರ್ಚೆಗೆ ಬಂದಿದ್ದರೆ? ಆಗಲೂ ಅವರು ಬಾಗಿಲ ಹೊರಗೆ ನಿಂತು ತೀರ್ಪಿಗಾಗಿ ಕಾಯಬೇಕೇ?

ಇದು ಮನೆಯ ಶಿಸ್ತಿನ ಪ್ರಶ್ನೆ ಮಾತ್ರ ಎಂದು ನಮಗೆ ತೋರಬಹುದು. ಆದರೆ ಅಮೆರಿಕಾದ ಕೆಲವು ರಾಜ್ಯಗಳಲ್ಲಿಯೂ ಕೆನಡಾದ ಒಂಟೇರಿಯೊ ಪ್ರಾಂತದಲ್ಲಿಯೂ ಇದು ಕಾನೂನಿನ ಪ್ರಶ್ನೆಯಾಗಿ ಬೆಳೆದಿದೆ. ಅಲ್ಲಿ ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗನೋ ಹುಡುಗಿಯೋ ಸಹಪಾಠಿಗಳ ಪ್ರತಿನಿಧಿಯಾಗಿ ಆರಿಸಿಬಂದು, ಊರಿನ ಶಾಲೆಗಳನ್ನು ಆಳುವ ಮಂಡಲಿಯಲ್ಲಿ ಹಿರಿಯರ ಸಾಲಿನಲ್ಲಿಯೇ ಕುಳಿತುಕೊಳ್ಳುವುದುಂಟು. ಕೆಲವು ಕಡೆ ಆ ವಿದ್ಯಾರ್ಥಿ ಮಾತನ್ನಷ್ಟೇ ಆಡಬಹುದು. ಕೆಲವು ಕಡೆ ಮತವನ್ನೂ ಹಾಕಬಹುದು. ಈ ಏರ್ಪಾಡು ಹೇಗೆ ಬಂತು, ಹೇಗೆ ನಡೆಯುತ್ತದೆ, ಇದರಿಂದ ನಾವು ತಿಳಿಯಬೇಕಾದದ್ದು ಏನಾದರೂ ಉಂಟೇ ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಅಲ್ಲಿನ ಶಾಲಾ ಮಂಡಲಿ ಎಂದರೆ ಏನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮಲ್ಲಿ ಪಠ್ಯಪುಸ್ತಕ, ಉಪಾಧ್ಯಾಯರ ನೇಮಕ, ವರ್ಗಾವಣೆ, ರಜೆಯ ಪಟ್ಟಿ ಇವೆಲ್ಲ ಬಹುಮಟ್ಟಿಗೆ ರಾಜ್ಯದ ವಿದ್ಯಾ ಇಲಾಖೆಯ ಕೈಯಲ್ಲಿವೆ. ಅಮೆರಿಕಾದಲ್ಲಿ ಹಾಗಲ್ಲ. ಆ ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಪ್ರತಿಯೊಂದಕ್ಕೂ ತನ್ನದೇ ಆದ ಮಂಡಲಿ ಉಂಟು. ಬಹುತೇಕ ಕಡೆ ಅದರ ಸದಸ್ಯರನ್ನು ಊರಿನ ಮತದಾರರೇ ಆರಿಸುತ್ತಾರೆ. ಶಾಲೆಗಳ ಆಯವ್ಯಯ, ಮುಖ್ಯ ಆಡಳಿತಾಧಿಕಾರಿಯ ನೇಮಕ, ಉಪಾಧ್ಯಾಯರೊಡನೆ ಸಂಬಳದ ಒಪ್ಪಂದ, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂಬ ಗಡಿ, ಶಾಲೆ ತೆರೆಯುವ ಹೊತ್ತು, ಎಲ್ಲವೂ ಆ ಮಂಡಲಿಯ ಮುಂದೆ ಬರುತ್ತವೆ. ಆದ್ದರಿಂದ ಅಲ್ಲಿ ಒಂದು ಕುರ್ಚಿ ಸಿಕ್ಕಿತೆಂದರೆ ಅದು ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಸಿಗುವ ಕುರ್ಚಿಯಂಥದಲ್ಲ. ಕೋಟಿಗಟ್ಟಲೆ ಡಾಲರುಗಳ ಲೆಕ್ಕ ಅದರ ಮುಂದೆ ಹಾಯುತ್ತದೆ.

ಹುಡುಗರಿಗೆ ಅಂಥ ಕುರ್ಚಿ ಸಿಕ್ಕಿದ್ದಕ್ಕೆ ಹಿನ್ನೆಲೆಯೊಂದಿದೆ. 1965ರ ಡಿಸೆಂಬರಿನಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಅಯೋವಾ ರಾಜ್ಯದ ಡೆ ಮಾಯ್ನ್ ನಗರದಲ್ಲಿ ಕೆಲವು ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಸತ್ತವರಿಗಾಗಿ ದುಃಖ, ಯುದ್ಧ ನಿಲ್ಲಲಿ ಎಂಬ ಹಾರೈಕೆ, ಇಷ್ಟೇ ಅದರ ಅರ್ಥ. ಅವರಲ್ಲಿ ಮೇರಿ ಬೆತ್ ಟಿಂಕರ್ ಎಂಬ ಹುಡುಗಿಗೆ 13 ವರ್ಷ. ಶಾಲೆಯವರು ಪಟ್ಟಿ ತೆಗೆಯುವವರೆಗೆ ಒಳಗೆ ಬರಬೇಡಿ ಎಂದು ಮನೆಗೆ ಕಳಿಸಿದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1969ರಲ್ಲಿ ಆ ದೇಶದ ಸುಪ್ರೀಂ ಕೋರ್ಟು, ಶಾಲೆಯ ಬಾಗಿಲು ದಾಟಿದ ಮಾತ್ರಕ್ಕೆ ವಿದ್ಯಾರ್ಥಿಯ ವಾಕ್ ಸ್ವಾತಂತ್ರ್ಯ ಹೋಗಿಬಿಡುವುದಿಲ್ಲ, ಪಾಠಕ್ಕೆ ಅಡ್ಡಿಯಾಗದಂತೆ ತನ್ನ ಅಭಿಪ್ರಾಯವನ್ನು ತೋರಿಸುವ ಹಕ್ಕು ಅವನಿಗುಂಟು ಎಂದು ತೀರ್ಮಾನಿಸಿತು. ಎರಡು ವರ್ಷಗಳ ಮೇಲೆ, 1971ರಲ್ಲಿ, ಸಂವಿಧಾನದ 26ನೆಯ ತಿದ್ದುಪಡಿ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಬಂದೂಕು ಹೊರಲು ಸಾಕಾದ ವಯಸ್ಸು ಮತ ಹಾಕಲು ಏಕೆ ಸಾಲದು ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಪ್ರಶ್ನೆ.

ಈ ಗಾಳಿ ಶಾಲಾ ಮಂಡಲಿಗಳ ಕಿಟಕಿಯೊಳಗೂ ಬೀಸಿತು. ಅಭಿಪ್ರಾಯ ತೋರಿಸುವ ಹಕ್ಕಿದ್ದ ಮೇಲೆ ಅದನ್ನು ತೀರ್ಮಾನ ಮಾಡುವವರ ಎದುರಿನಲ್ಲಿಯೇ ಏಕೆ ಹೇಳಬಾರದು ಎಂದು ಹುಡುಗರು ಕೇಳತೊಡಗಿದರು. 1970ರ ದಶಕದಲ್ಲಿ ಹಲವು ಕಡೆ ವಿದ್ಯಾರ್ಥಿ ಸದಸ್ಯನ ಸ್ಥಾನ ಹುಟ್ಟಿದ್ದು ಹೀಗೆ.

ಇಂದು ಈ ಸ್ಥಾನಗಳನ್ನು ನೋಡಿದರೆ ಅವು ಎಲ್ಲ ಕಡೆ ಒಂದೇ ಬಗೆಯಾಗಿಲ್ಲ. ಕೆಲವು ಮಂಡಲಿಗಳಲ್ಲಿ ವಿದ್ಯಾರ್ಥಿ ಬಂದು ತನ್ನ ಶಾಲೆಯ ಸಮಾಚಾರವನ್ನು ಐದು ನಿಮಿಷ ಹೇಳುತ್ತಾನೆ. ಹಿರಿಯರು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ವಿಷಯಕ್ಕೆ ಹೋಗುತ್ತಾರೆ. ಇದು ಕೆಳಗಿನ ಮೆಟ್ಟಲು.

ಇದಕ್ಕಿಂತ ಒಂದು ಮೆಟ್ಟಲು ಮೇಲಿನದು ಕ್ಯಾಲಿಫೋರ್ನಿಯಾ ರಾಜ್ಯದ ಪದ್ಧತಿ. ಅಲ್ಲಿ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ 500 ಮಂದಿ ಇಲ್ಲವೇ ನೂರಕ್ಕೆ ಹತ್ತು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ, ಅರ್ಜಿಗೆ ಸಹಿ ಹಾಕಿ ಕೇಳಿದರೆ ಮಂಡಲಿ ವಿದ್ಯಾರ್ಥಿ ಸದಸ್ಯನನ್ನು ಸೇರಿಸಿಕೊಳ್ಳಬೇಕು. ಗುಪ್ತ ಸಭೆಗಳನ್ನು ಬಿಟ್ಟು ಉಳಿದೆಲ್ಲ ಸಭೆಗಳಲ್ಲಿ ಅವನು ಕೂರಬಹುದು. ಹಿರಿಯರು ಮತ ಹಾಕುವುದಕ್ಕೆ ಮೊದಲೇ ಅವನು ತನ್ನ ಅಭಿಪ್ರಾಯವನ್ನು ಮತದ ರೂಪದಲ್ಲಿ ಹೇಳಬಹುದು. ಅದು ಎಣಿಕೆಗೆ ಸೇರುವುದಿಲ್ಲ. ಆದರೆ ಸಭೆಯ ನಡವಳಿಯಲ್ಲಿ ದಾಖಲಾಗುತ್ತದೆ. ಮೊದಲೇ ಹೇಳಬೇಕು ಎಂಬ ನಿಯಮದಲ್ಲಿ ಜಾಣತನವಿದೆ. ಹಿರಿಯರ ಕೈ ಎದ್ದ ಮೇಲೆ ಹುಡುಗನ ಮಾತು ಬಂದರೆ ಅದು ಗೊಣಗಾಟವಾಗುತ್ತದೆ. ಮೊದಲೇ ಬಂದರೆ ಅದು ಸಲಹೆಯಾಗುತ್ತದೆ.

ಒಂಟೇರಿಯೊದವರು ಇನ್ನೂ ಸ್ವಾರಸ್ಯವಾದ ದಾರಿ ಹಿಡಿದಿದ್ದಾರೆ. ಅಲ್ಲಿ 1997ರ ಕಾನೂನು ವಿದ್ಯಾರ್ಥಿ ಪ್ರತಿನಿಧಿಗಳಿಗೆ ದಾರಿ ತೆರೆಯಿತು. 2006ರ ತಿದ್ದುಪಡಿ ಅವರ ಕೈ ಬಲಪಡಿಸಿತು. ಅವರನ್ನು ವಿದ್ಯಾರ್ಥಿ ಟ್ರಸ್ಟಿಗಳು ಎಂದು ಕರೆಯುತ್ತಾರೆ. ಅವರ ಮತಕ್ಕೆ ಫಲಿತಾಂಶವನ್ನು ಬದಲಿಸುವ ಶಕ್ತಿ ಇಲ್ಲ. ಆದರೆ ಅವರು ಬಯಸಿದರೆ ಒಂದು ವಿಷಯವನ್ನು ಹೆಸರು ಹಿಡಿದು ದಾಖಲೆಯ ಮತಕ್ಕೆ ಹಾಕಿಸಬಹುದು. ಆಗ ಮಂಡಲಿ ಎರಡು ಸಲ ಮತ ಹಾಕಬೇಕಾಗುತ್ತದೆ. ಮೊದಲನೆಯದರಲ್ಲಿ ವಿದ್ಯಾರ್ಥಿಯ ಮತವೂ ಸೇರುತ್ತದೆ, ಆದರೆ ಅದು ಕಟ್ಟುಪಾಡಲ್ಲ. ಎರಡನೆಯದರಲ್ಲಿ ಹಿರಿಯರು ಮಾತ್ರ, ಅದೇ ತೀರ್ಮಾನ. ವಿದ್ಯಾರ್ಥಿ ಒಂದು ಗೊತ್ತುವಳಿಯನ್ನು ಸೂಚಿಸಿ, ಅದನ್ನು ಮಂಡಿಸಲು ಹಿರಿಯರಲ್ಲಿ ಒಬ್ಬರೂ ಮುಂದೆ ಬರದಿದ್ದರೆ, ಆ ಸೂಚನೆ ಏನಿತ್ತು ಎಂಬುದು ನಡವಳಿ ಪುಸ್ತಕದಲ್ಲಿ ಸೇರಬೇಕು. ಇದರ ಅರ್ಥವನ್ನು ನೋಡಿ. ಹುಡುಗನ ಮಾತನ್ನು ಒಪ್ಪಲೇಬೇಕೆಂದು ಕಾನೂನು ಹೇಳುವುದಿಲ್ಲ. ಕೇಳಿಸಲಿಲ್ಲ ಎನ್ನಲು ಮಾತ್ರ ಬಿಡುವುದಿಲ್ಲ.

ಎಲ್ಲಕ್ಕಿಂತ ಮೇಲಿನ ಮೆಟ್ಟಲು ಮೇರಿಲ್ಯಾಂಡ್ ರಾಜ್ಯದ್ದು. ಇದು ವಾಷಿಂಗ್ಟನ್ ನಗರಕ್ಕೆ ಹೊಂದಿಕೊಂಡಿರುವ ಚಿಕ್ಕ ರಾಜ್ಯ. ಅಲ್ಲಿನ ಆನ್ ಅರುಂಡೆಲ್ ಎಂಬ ಕೌಂಟಿಯಲ್ಲಿ 1970ರ ದಶಕದ ನಡುವಿನಿಂದಲೂ ವಿದ್ಯಾರ್ಥಿ ಸದಸ್ಯನಿಗೆ ಹಿರಿಯರ ಸಮಕ್ಕೆ ಪೂರ್ಣ ಮತವಿದೆ. ಅದೇ ರಾಜ್ಯದ ಮಾಂಟ್‌ಗೊಮರಿ ಕೌಂಟಿ ಬಹು ದೊಡ್ಡದು. ಲಕ್ಷಕ್ಕೂ ಹೆಚ್ಚು ಮಕ್ಕಳು ಅದರ ಶಾಲೆಗಳಲ್ಲಿ ಓದುತ್ತಾರೆ. ಅಲ್ಲಿ ಅಧಿಕಾರ ಒಮ್ಮೆಗೇ ಬರಲಿಲ್ಲ. 1970ರ ದಶಕದ ಕೊನೆಗೆ ಕುರ್ಚಿ ಬಂತು, ಮತವಿರಲಿಲ್ಲ. ಆಮೇಲೆ ಕೆಲವು ವಿಷಯಗಳಲ್ಲಿ ಮತ ಬಂತು. 2016ರಲ್ಲಿ ಕಾನೂನು ತಿದ್ದುಪಡಿಯಾಗಿ ಆಯವ್ಯಯದಂಥ ದೊಡ್ಡ ವಿಷಯಗಳಲ್ಲಿಯೂ ಮತ ಸಿಕ್ಕಿತು. ಕುರ್ಚಿಯಿಂದ ಆಯವ್ಯಯದವರೆಗೆ ನಡೆಯಲು ಸುಮಾರು ನಲವತ್ತು ವರ್ಷ ಹಿಡಿಯಿತು ಎಂದಾಯಿತು. ಪ್ರತಿ ಮೆಟ್ಟಲಿನಲ್ಲಿಯೂ ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಹೇಗೆ ನಡೆದುಕೊಂಡಿದ್ದರೆಂಬುದೇ ಮುಂದಿನವರಿಗೆ ಶಿಫಾರಸು ಪತ್ರವಾಯಿತೆಂದು ನಾನು ತಿಳಿಯುತ್ತೇನೆ.

ಇಂಥ ಕೌಂಟಿಗಳಲ್ಲಿ ಚುನಾವಣೆ ವಸಂತದಲ್ಲಿ ನಡೆಯುತ್ತದೆ. ಅಭ್ಯರ್ಥಿಗಳು ಶಾಲೆಯಿಂದ ಶಾಲೆಗೆ ಹೋಗಿ ಮಾತನಾಡುತ್ತಾರೆ. ಹೈಸ್ಕೂಲಿನವರಷ್ಟೇ ಅಲ್ಲ, ಮಾಧ್ಯಮಿಕ ತರಗತಿಗಳ ಹನ್ನೊಂದು ಹನ್ನೆರಡು ವರ್ಷದ ಮಕ್ಕಳೂ ಮತ ಹಾಕುತ್ತಾರೆ. ಗೆದ್ದವರ ಅವಧಿ ಜುಲೈ ತಿಂಗಳಿನಿಂದ ಒಂದು ವರ್ಷ. ಆ ವರ್ಷ ಸುಖದ್ದಲ್ಲ. ಹಗಲು ಗಣಿತ, ವಿಜ್ಞಾನ, ಪರೀಕ್ಷೆ, ಸಂಜೆ ಸಭೆ. ಸಭೆಗೆ ಮುಂಚೆ ಓದಿಕೊಂಡು ಹೋಗಬೇಕಾದ ಕಾಗದಗಳ ಕಟ್ಟು ಬೇರೆ. ಮರುದಿನ ಶಾಲೆಯ ಓಣಿಯಲ್ಲಿ ಗೆಳೆಯರು ಸುತ್ತುವರಿದು, ನಿನ್ನೆ ಏನು ಮಾಡಿದೆ ಎಂದು ಕೇಳುತ್ತಾರೆ. ಹಿರಿಯ ಸದಸ್ಯರು ಮತದಾರರನ್ನು ನಾಲ್ಕು ವರ್ಷಕ್ಕೊಮ್ಮೆ ಎದುರಿಸಿದರೆ ಸಾಕು. ಈ ಸದಸ್ಯ ಮಾತ್ರ ಪ್ರತಿದಿನ ಊಟದ ಬಿಡುವಿನಲ್ಲಿ ಎದುರಿಸಬೇಕು.

ಈಗ ಒಂದು ಮುಖ್ಯವಾದ ಪ್ರಸಂಗಕ್ಕೆ ಬರುತ್ತೇನೆ. ಇದು ಇದೇ ಮೇರಿಲ್ಯಾಂಡಿನ ಹೊವರ್ಡ್ ಕೌಂಟಿಯಲ್ಲಿ ನಡೆದದ್ದು. ಅಲ್ಲಿ ವಿದ್ಯಾರ್ಥಿ ಸದಸ್ಯನ ಸ್ಥಾನವನ್ನು 2007ರ ಕಾನೂನು ನಿರ್ಮಿಸಿತು. ಮಂಡಲಿಯಲ್ಲಿ ಏಳು ಮಂದಿ ಹಿರಿಯರು, ಒಬ್ಬ ವಿದ್ಯಾರ್ಥಿ, ಒಟ್ಟು ಎಂಟು. ಆಯವ್ಯಯ, ನೌಕರರ ನೇಮಕ ಮತ್ತು ಶಿಸ್ತು, ಸಂಬಳದ ಒಪ್ಪಂದ, ಶಾಲೆಗಳ ಗಡಿ ಇಂಥವುಗಳಲ್ಲಿ ವಿದ್ಯಾರ್ಥಿಗೆ ಮತವಿಲ್ಲ, ಉಳಿದವುಗಳಲ್ಲಿ ಉಂಟು. ಹಲವು ವರ್ಷ ಈ ಏರ್ಪಾಡು ಸದ್ದಿಲ್ಲದೆ ನಡೆಯಿತು. ಅಷ್ಟರಲ್ಲಿ 2020ರಲ್ಲಿ ಕೊರೋನಾ ವ್ಯಾಧಿ ಬಂತು. ಶಾಲೆಗಳು ಮುಚ್ಚಿದವು; ಮನೆಯಲ್ಲಿಯೇ ಯಂತ್ರದ ಪರದೆಯ ಮುಂದೆ ಪಾಠ. ಆ ದಿನಗಳನ್ನು ನಾವೂ ಮರೆತಿಲ್ಲ. ಮಕ್ಕಳನ್ನು ಮತ್ತೆ ತರಗತಿಗೆ ಕರೆಸಬೇಕೇ ಬೇಡವೇ ಎಂಬ ಪ್ರಶ್ನೆ ಮಂಡಲಿಯ ಮುಂದೆ ಬಂದಾಗ ಹಿರಿಯರಲ್ಲಿಯೇ ಒಡಕು. ನಾಲ್ಕು ಮಂದಿ ಕರೆಸಬೇಕು ಎಂದರು, ಮೂವರು ಬೇಡವೆಂದರು. ವಿದ್ಯಾರ್ಥಿ ಸದಸ್ಯನೂ ಬೇಡವೆಂದನು. ನಾಲ್ಕಕ್ಕೆ ನಾಲ್ಕು. ಸಮ ಸಮವಾದರೆ ಗೊತ್ತುವಳಿ ಬಿದ್ದಂತೆ. ಶಾಲೆ ತೆರೆಯಲಿಲ್ಲ.

ಶಾಲೆ ತೆರೆಯಬೇಕೆಂದಿದ್ದ ತಂದೆತಾಯಂದಿರ ಸಂಕಟವನ್ನು ನಾವು ಹಗುರವಾಗಿ ಕಾಣಬಾರದು. ಮಗು ಮನೆಯಲ್ಲಿ ಕುಳಿತು ಸೊರಗುತ್ತಿದೆ, ಪಾಠ ತಲೆಗೆ ಹತ್ತುತ್ತಿಲ್ಲ, ತಾವು ಕೆಲಸಕ್ಕೆ ಹೋಗಬೇಕು. ಇಂಥ ಹೊತ್ತಿನಲ್ಲಿ ಇನ್ನೂ ಹೈಸ್ಕೂಲು ಮುಗಿಸದವನ ಒಂದು ಮತದಿಂದ ತೀರ್ಮಾನ ನಿಂತುಹೋಯಿತೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಇಬ್ಬರು ಪೋಷಕರು ನ್ಯಾಯಾಲಯಕ್ಕೆ ಹೋದರು. ರಾಜ್ಯದ ಸಂವಿಧಾನದಂತೆ ಮತದಾರನಿಗೆ 18 ವರ್ಷ ತುಂಬಿರಬೇಕು. ಹನ್ನೆರಡು ವರ್ಷದ ಮಕ್ಕಳು ಆರಿಸಿದ, ತಾನೂ ಅಪ್ರಾಪ್ತನಾದ ಸದಸ್ಯನ ಮತ ಹೇಗೆ ಸಿಂಧುವಾಗುತ್ತದೆ ಎಂಬುದು ಅವರ ವಾದ. ಕೆಳಗಿನ ನ್ಯಾಯಾಲಯ 2021ರಲ್ಲಿ ಮಂಡಲಿಯ ಪರ ತೀರ್ಪಿತ್ತಿತು. 2022ರ ಆಗಸ್ಟಿನಲ್ಲಿ ರಾಜ್ಯದ ಅತ್ಯುಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಶಾಲಾ ಮಂಡಲಿ ಎಂಬುದು ಶಾಸನಸಭೆ ನಿರ್ಮಿಸಿದ ಸಂಸ್ಥೆ. ಅದರಲ್ಲಿ ಯಾರು ಕೂರಬೇಕು, ಅವರನ್ನು ಹೇಗೆ ಆರಿಸಬೇಕು ಎಂಬುದನ್ನು ಗೊತ್ತುಮಾಡುವುದು ಶಾಸನಸಭೆಗೆ ಸೇರಿದ್ದು. ವಿದ್ಯಾರ್ಥಿಗಳು ತಮ್ಮ ಪ್ರತಿನಿಧಿಯನ್ನು ಆರಿಸುವುದು ಸಂವಿಧಾನ ಹೇಳುವ ಸಾರ್ವತ್ರಿಕ ಚುನಾವಣೆಯಲ್ಲ. ತೀರ್ಪಿನ ತಿರುಳು ಇದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಅಷ್ಟು ವರ್ಷ ಮತ ಹಾಕುತ್ತಿದ್ದಾಗ ನ್ಯಾಯಾಲಯದವರೆಗೆ ಬಾರದ ಪ್ರಶ್ನೆ, ಒಂದು ಮತದಿಂದ ತಕ್ಕಡಿ ನಿಂತಾಗ ಬಂತು. ಮನುಷ್ಯಸ್ವಭಾವವೇ ಹಾಗೆ. ಹುಡುಗರು ನಮ್ಮ ಜೊತೆಗೆ ತಲೆಯಾಡಿಸುವವರೆಗೆ ಅವರು ಬುದ್ಧಿವಂತರು. ಅಡ್ಡವಾಗಿ ತಲೆಯಾಡಿಸಿದ ದಿನ ಅವರಿಗೆ ಏನು ತಿಳಿಯುತ್ತದೆ ಎನ್ನುತ್ತೇವೆ. ಪ್ರತಿನಿಧಿಗೆ ನಿಜವಾಗಿ ಸ್ಥಾನ ಕೊಟ್ಟಿದ್ದೇವೆಯೇ ಇಲ್ಲವೇ ಎಂಬುದು ಗೊತ್ತಾಗುವುದು ಅವನು ಹೌದು ಎಂದಾಗ ಅಲ್ಲ, ಇಲ್ಲ ಎಂದಾಗ. ಆ ಕೌಂಟಿಯಲ್ಲಿ ವಿದ್ಯಾರ್ಥಿ ಹಾಕಿದ ಮತ ಸರಿಯೋ ತಪ್ಪೋ ಎಂಬುದನ್ನು ನಾನು ಇಲ್ಲಿ ಹೇಳಹೊರಟಿಲ್ಲ. ಅವನಂತೆಯೇ ಮೂವರು ಹಿರಿಯರೂ ಮತ ಹಾಕಿದ್ದರು ಎಂಬುದನ್ನು ಮಾತ್ರ ನೆನಪಿಡಬೇಕು.

ಆಕ್ಷೇಪಗಳನ್ನೂ ನೇರವಾಗಿ ನೋಡೋಣ. ಹುಡುಗರಿಗೆ ಅನುಭವ ಸಾಲದು ಎಂಬುದು ಮೊದಲನೆಯದು. ನಿಜ. ಆದರೆ ಮಂಡಲಿಗೆ ಹೊಸದಾಗಿ ಬಂದ ಹಿರಿಯರಿಗೂ ಶಾಲೆಯ ಆಯವ್ಯಯ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಅವರೂ ಕುಳಿತೇ ಕಲಿಯುತ್ತಾರೆ. ವಿದ್ಯಾರ್ಥಿಗೆ ಇರುವ ಒಂದು ಅನುಭವ ಹಿರಿಯರಲ್ಲಿ ಯಾರಿಗೂ ಇಲ್ಲ. ಈ ವರ್ಷ ಆ ಬೆಂಚಿನ ಮೇಲೆ ಕುಳಿತಿರುವವನು ಅವನೊಬ್ಬನೇ. ಹಿರಿಯರು ನೆನಪಿಡುವುದು ತಾವು ಓದಿದ ಶಾಲೆಯನ್ನು. ಅದು ಮೂವತ್ತು ವರ್ಷ ಹಿಂದಿನದು. ಬಸ್ಸಿನ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತಂದರೆ ಎಷ್ಟು ಉಳಿತಾಯ ಎಂದು ಹಿರಿಯರು ಲೆಕ್ಕ ಹಾಕಬಲ್ಲರು. ಮೊದಲನೆಯ ಪಿರಿಯಡ್ಡಿನಲ್ಲಿ ಎಷ್ಟು ಮಂದಿ ತೂಕಡಿಸುತ್ತಾರೆ ಎಂಬುದನ್ನು ವಿದ್ಯಾರ್ಥಿ ಹೇಳಬಲ್ಲ. ಎರಡೂ ಲೆಕ್ಕಗಳು ಮೇಜಿನ ಮೇಲೆ ಇರಬೇಕು.

ತೆರಿಗೆ ಕೊಡುವವರು ನಾವು, ನಮ್ಮ ಹಣವನ್ನು ನಾವು ಆರಿಸದವನು ಹೇಗೆ ಹಂಚಬಹುದು ಎಂಬುದು ಎರಡನೆಯ ಆಕ್ಷೇಪ. ಇದು ತೂಕವಾದದ್ದು. ಆದ್ದರಿಂದಲೇ ಹಲವು ಕಡೆ ಆಯವ್ಯಯದಲ್ಲಿ ವಿದ್ಯಾರ್ಥಿಗೆ ಮತವಿಲ್ಲ. ಉಪಾಧ್ಯಾಯರ ಶಿಸ್ತಿನ ವಿಚಾರದಿಂದ ವಿದ್ಯಾರ್ಥಿಯನ್ನು ದೂರವಿಟ್ಟಿರುವುದೂ ವಿವೇಕದ ಕೆಲಸವೇ. ರಾತ್ರಿ ಯಾರ ನೌಕರಿಯ ಮೇಲೆ ಕೈ ಎತ್ತಿದನೋ ಬೆಳಿಗ್ಗೆ ಅವರ ತರಗತಿಯಲ್ಲಿಯೇ ಕುಳಿತು ಉತ್ತರಪತ್ರಿಕೆ ಒಪ್ಪಿಸಬೇಕಾದರೆ ಇಬ್ಬರಿಗೂ ಕಷ್ಟ.

ಮೂರನೆಯದು, ಒಬ್ಬ ಹುಡುಗ ಸಾವಿರಾರು ಮಕ್ಕಳ ಪರವಾಗಿ ಹೇಗೆ ಮಾತನಾಡಬಲ್ಲ ಎಂಬುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ ಇದೇ. ಚುನಾವಣೆಗೆ ನಿಲ್ಲುವವನು ಸಾಮಾನ್ಯವಾಗಿ ಮಾತಿನಲ್ಲಿ ಚುರುಕಾದವನು, ಓದಿನಲ್ಲಿ ಮುಂದಿರುವವನು, ಸಂಜೆ ಸಭೆಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಜನವೂ ವಾಹನವೂ ಇರುವವನು. ಶಾಲೆ ಬಿಟ್ಟ ಕೂಡಲೇ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುವ ಹುಡುಗ, ತಮ್ಮತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿ, ಆ ದೇಶದ ಭಾಷೆಯನ್ನು ಈಗ ತಾನೇ ಕಲಿಯುತ್ತಿರುವ ಮಗು, ಇವರು ಆ ಕುರ್ಚಿಯ ಹತ್ತಿರ ಸುಳಿಯುವುದು ಅಪರೂಪ. ಪ್ರತಿನಿಧಿಯಾದವನು ತನ್ನ ಅಭಿಪ್ರಾಯವನ್ನು ಹೇಳಿದರೆ ಅರ್ಧ ಕೆಲಸವಾಯಿತು. ತನ್ನಂತಲ್ಲದವರ ಅಭಿಪ್ರಾಯವನ್ನು ಕೇಳಿಕೊಂಡು ಬಂದು ಹೇಳಿದರೆ ಪೂರ್ಣವಾಯಿತು. ಇದು ಹುಡುಗರಿಗಷ್ಟೇ ಅಲ್ಲ, ನಮ್ಮ ಶಾಸನಸಭೆಗಳಲ್ಲಿ ಕೂತವರಿಗೂ ಸಲ್ಲುವ ಮಾತು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಹದಿನೇಳನೆಯ ವಯಸ್ಸಿನಲ್ಲಿ ಕಲಿತದ್ದು ಕೈಬಿಡುವುದು ಕಷ್ಟ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದವರು 2016ರಲ್ಲಿಯೂ ಓಕ್ಲೆಂಡ್ ನಗರದವರು 2020ರಲ್ಲಿಯೂ ಜನಮತ ಪಡೆದು, ಶಾಲಾ ಮಂಡಲಿಯ ಹಿರಿಯ ಸದಸ್ಯರನ್ನು ಆರಿಸುವಲ್ಲಿಯೂ 16 ತುಂಬಿದವರಿಗೆ ಮತವಿರಲಿ ಎಂದು ಗೊತ್ತುಮಾಡಿದರು. 2024ರ ನವೆಂಬರಿನಲ್ಲಿ ಅವರು ಮೊದಲ ಸಲ ಮತ ಹಾಕಿದರು.

ಇಷ್ಟೆಲ್ಲ ದೂರದೇಶದ ಮಾತಾಯಿತು. ನಮ್ಮಲ್ಲಿ ಏನಿದೆ ಎಂದು ನೀವು ಕೇಳಬಹುದು. ಏನೂ ಇಲ್ಲವೆನ್ನುವಂತಿಲ್ಲ. ಸಂಯುಕ್ತ ರಾಷ್ಟ್ರಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಅಭಿಪ್ರಾಯವನ್ನು ವಯಸ್ಸಿಗೂ ತಿಳಿವಿಗೂ ತಕ್ಕ ತೂಕ ಕೊಟ್ಟು ಕೇಳಬೇಕು ಎನ್ನುತ್ತದೆ. ಭಾರತ 1992ರಲ್ಲಿಯೇ ಅದನ್ನು ಒಪ್ಪಿಕೊಂಡಿತು. ವಿದ್ಯಾರ್ಥಿಗೆ ಮತ ಕೊಟ್ಟ ಮಂಡಲಿಗಳಿರುವ ಅಮೆರಿಕಾ ದೇಶ ಅದಕ್ಕೆ ಸಹಿ ಹಾಕಿದ್ದರೂ ಇನ್ನೂ ಅನುಮೋದಿಸಿಲ್ಲ. ಒಬ್ಬರು ಒಪ್ಪಂದ ಮಾಡಿಕೊಳ್ಳದೆ ಕೆಲವು ಕಡೆ ನಡೆಸಿ ತೋರಿಸಿದರು. ಇನ್ನೊಬ್ಬರು ಒಪ್ಪಂದ ಮಾಡಿಕೊಂಡು ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದಾರೆ.

ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಎಂಟನೆಯ ತರಗತಿಯವರೆಗಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಆಡಳಿತ ಸಮಿತಿಗಳಿರಬೇಕು. ಅವುಗಳಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು. ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ನಿಯಮಗಳು ಉಳಿದ ಕಾಲು ಪಾಲನ್ನು ಮೂರು ಭಾಗ ಮಾಡಿವೆ. ಒಂದು ಭಾಗ ಸ್ಥಳೀಯ ಸಂಸ್ಥೆಯ ಸದಸ್ಯರಿಗೆ, ಒಂದು ಉಪಾಧ್ಯಾಯರಿಗೆ, ಮೂರನೆಯದು ಸ್ಥಳೀಯ ಶಿಕ್ಷಣತಜ್ಞರಿಗೆ ಅಥವಾ ಶಾಲೆಯ ಮಕ್ಕಳಿಗೆ. ಈ ಅಥವಾ ಎಂಬ ಪದವನ್ನು ಗಮನಿಸಿ. ಯಾರೆಂಬುದನ್ನು ಗೊತ್ತುಮಾಡುವುದು ಸಮಿತಿಯಲ್ಲಿರುವ ತಂದೆತಾಯಂದಿರ ಇಷ್ಟ. ಬಾಗಿಲು ತೆರೆದಿದೆ, ಒಳಗೆ ಕರೆಯುವವರು ನಾವೇ.

ಇನ್ನು ನಮ್ಮ ಶಾಲೆಗಳಲ್ಲಿ ಶಾಲಾ ಸಂಸತ್ತು ಎಂಬುದನ್ನು ನೀವೆಲ್ಲ ಬಲ್ಲಿರಿ. ಪ್ರಧಾನಮಂತ್ರಿ, ಆರೋಗ್ಯಮಂತ್ರಿ, ನೀರಾವರಿ ಮಂತ್ರಿ ಎಂದು ಮಕ್ಕಳು ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಚುನಾವಣೆ ಹೇಗೆ ನಡೆಯುತ್ತದೆ ಎಂಬುದನ್ನು ಕಲಿಯಲು ಅದು ಒಳ್ಳೆಯ ಅಭ್ಯಾಸ. ಆದರೆ ಆಮೇಲೆ ನೀರಾವರಿ ಮಂತ್ರಿಯ ಕೆಲಸ ಗಿಡಗಳಿಗೆ ನೀರು ಹಾಕಿಸುವುದು. ಆರೋಗ್ಯಮಂತ್ರಿಯ ಕೆಲಸ ಉಗುರು ನೋಡುವುದು. ಕೆಲಸ ಹಂಚಿದ್ದೇವೆ, ಸರಿ. ಮಾತು ಹಂಚಿದ್ದೇವೆಯೇ? ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂದು ಆ ಆರೋಗ್ಯಮಂತ್ರಿ ಹೇಳಿದರೆ ಅದನ್ನು ಬರೆದುಕೊಳ್ಳುವ ಪುಸ್ತಕವೊಂದು ಇದೆಯೇ? ಬರೆದುಕೊಂಡ ಮೇಲೆ, ಇಂಥ ದಿನದೊಳಗೆ ಹಾಕಿಸುತ್ತೇವೆ ಎಂದೋ ಇಂಥ ಕಾರಣದಿಂದ ಆಗಲಿಲ್ಲ ಎಂದೋ ಉತ್ತರ ಕೊಡುವವರು ಇದ್ದಾರೆಯೇ? ಕರ್ನಾಟಕದ ಗ್ರಾಮ ಪಂಚಾಯತಿಗಳು ನಡೆಸುವ ಮಕ್ಕಳ ಗ್ರಾಮಸಭೆಗಳಿಗೂ ಇದೇ ಒರೆಗಲ್ಲು. ಮಕ್ಕಳು ನಿಂತು ಹೇಳಿದ್ದು ಮುಂದಿನ ವರ್ಷದ ಸಭೆಯ ಹೊತ್ತಿಗೆ ಏನಾಯಿತು ಎಂಬುದನ್ನು ಮೊದಲು ಓದಿ ಹೇಳಿದ ಸಭೆಯೇ ಸಭೆ.

ಮೇರಿಲ್ಯಾಂಡಿನಂತೆ ನಾಳೆಯೇ ಮತ ಕೊಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಮಂಡಲಿಯ ಅಧಿಕಾರ ಬೇರೆ, ಇಲ್ಲಿನ ಸಮಿತಿಯ ಅಧಿಕಾರ ಬೇರೆ. ಆದರೆ ಒಂಟೇರಿಯೊದವರ ಪದ್ಧತಿಗೆ ಖರ್ಚು ಕಡಿಮೆ. ಒಂದು ಕುರ್ಚಿ, ಮುಂಚಿತವಾಗಿ ಒಂದು ಕಾಗದ, ಮಾತಿಗೆ ಹತ್ತು ನಿಮಿಷ, ನಡವಳಿ ಪುಸ್ತಕದಲ್ಲಿ ನಾಲ್ಕು ಸಾಲು. ಸಮಿತಿಯಲ್ಲಿರುವ ತಂದೆತಾಯಂದಿರು ಮನಸ್ಸು ಮಾಡಿದರೆ ಇದನ್ನು ಮುಂದಿನ ಸಭೆಯಿಂದಲೇ ಆರಂಭಿಸಬಹುದು. ಆರಿಸುವಾಗ ಒಂದು ಎಚ್ಚರಿಕೆ ಇರಲಿ. ಪ್ರತಿ ವರ್ಷವೂ ತರಗತಿಗೆ ಮೊದಲು ಬಂದವನನ್ನೇ ಕರೆಯಬೇಡಿ. ಮಕ್ಕಳೇ ಆರಿಸಲಿ, ಆರಿಸಿದವನು ಹಿಂದಿರುಗಿ ತರಗತಿಗಳಲ್ಲಿ ವರದಿ ಒಪ್ಪಿಸಲಿ.

ನೀರಿಗೆ ಇಳಿಯದೆ ಈಜು ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. 18 ತುಂಬಿದ ಬೆಳಿಗ್ಗೆ ನಮ್ಮ ಮಕ್ಕಳು ದೇಶದ ಮತದಾರರಾಗುತ್ತಾರೆ. ಅದರ ಹಿಂದಿನ ಸಂಜೆಯವರೆಗೆ ಸುಮ್ಮನಿರು ಎಂಬ ಒಂದೇ ಪಾಠವನ್ನು ಅವರಿಗೆ ಹೇಳಿಕೊಟ್ಟಿದ್ದರೆ, ಮತಗಟ್ಟೆಯ ಮುಂದೆ ನಿಂತ ದಿನ ಅವರು ಬೇರೆಯವರು ಹೇಳಿದ ಗುರುತಿಗೆ ಮತ ಹಾಕಿ ಬಂದರೆ ಆಶ್ಚರ್ಯವೇನು? ಹದಿನಾರರಲ್ಲಿ ಒಂದು ಸಭೆಯಲ್ಲಿ ಎದ್ದು ನಿಂತು, ಇದು ಸರಿಯಲ್ಲ ಎಂದು ಕಾರಣ ಕೊಟ್ಟು ಹೇಳಿ, ಸೋತು, ಸೋತ ಮೇಲೂ ಮುಂದಿನ ಸಭೆಗೆ ಹೋಗಿ ಕುಳಿತವನು ಒಂದು ವಿದ್ಯೆ ಕಲಿತಿರುತ್ತಾನೆ. ಅದಕ್ಕೆ ಪಠ್ಯಪುಸ್ತಕವಿಲ್ಲ. ಅದನ್ನು ಕಲಿಸಲು ಬೇಕಾದದ್ದು ಅವನ ಇಲ್ಲ ಎಂಬ ಮಾತನ್ನು ಸಿಟ್ಟಾಗದೆ ಕೇಳಿ, ಉತ್ತರ ಹೇಳುವಷ್ಟು ತಾಳ್ಮೆಯುಳ್ಳ ನಾಲ್ಕು ಮಂದಿ ಹಿರಿಯರು.